"ನಿಮ್ಮಿಷ್ಟ" ಎಂದರೆ ಒಪ್ಪಿಗೆಯೇ?

ಹೊಸ ಅಂಗಡಿ ಮಂತ್ರಿಸಲು ಸ್ವಾಮಿಗಳನ್ನು ಕರೆಯುವ ದಿನ ಮನೆಮಂದಿಗೆಲ್ಲ ಸಡಗರ. ಪವಿತ್ರ ಹೃದಯದ ಪಟ, ಹೂವಿನ ಹಾರ, ಮೊದಲ ಬೋಣಿ ಯಾರದೆಂಬ ಮಾತು. ಸಾಲದ ಕಾಗದಕ್ಕೆ ರುಜು ಹಾಕಿದ ದಿನವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಾವು ನೆನೆಯಬೇಕಾಗಿದೆ, ಏಕೆಂದರೆ ಅಂಥ ಒಂದು ದಿನ ನಾವೂ ಅಲ್ಲಿದ್ದೆವು.

ಧರ್ಮಕೇಂದ್ರದಲ್ಲಿ ಕಷ್ಟದಲ್ಲಿರುವವರ ಮನೆಭೇಟಿ ಮಾಡುವ ಐದಾರು ಜನರ ತಂಡ ನಮ್ಮದು. ಮೂರು ವರ್ಷಗಳ ಹಿಂದೆ, ಹೊಸೂರಿನ ಸಿಪ್ಕಾಟ್‌ನಲ್ಲಿ ಗುತ್ತಿಗೆ ಕೆಲಸ ಕಳೆದುಕೊಂಡ ಸಹೋದರರೊಬ್ಬರು ಕಾರ್ಖಾನೆಯೊಂದರ ಗೇಟಿನ ಬಳಿ ಇಡ್ಲಿ ಗಾಡಿ ಇಡಬೇಕೆಂದರು. ನಮಗೂ ಉತ್ಸಾಹ. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆಂದು ನಾವೇ ಬ್ಯಾಂಕಿಗೆ ಕರೆದೊಯ್ದೆವು. ಅದು ಸಾಲಲಿಲ್ಲ. ಉಳಿದದ್ದಕ್ಕೆ ಹೆಂಡತಿಯ ಹೆಸರಿನಲ್ಲಿ ಗುಂಪು ಸಾಲ. ಆಕೆಯ ಬಳೆಗಳೂ ಅಡವಿಗೆ ಹೋದವು. ಗುಂಪು ಸಾಲದ ಕಾಗದ ತಮಿಳು, ಇಂಗ್ಲಿಷಿನಲ್ಲಿತ್ತು. ಆಕೆ ತಮಿಳು ಮಾತನಾಡುತ್ತಾರೆ, ಆದರೆ ಓದಲು ಬರುವುದು ಕನ್ನಡ ಮಾತ್ರ. ಎಲ್ಲಿ ರುಜು ಹಾಕಬೇಕೆಂದು ಬೆರಳಿಟ್ಟು ತೋರಿಸಿದವರು ನಾವು.

"ಏನಮ್ಮಾ, ಒಪ್ಪಿಗೆ ತಾನೇ?" ಎಂದು ಕೇಳಿದ್ದೆವು. ಆಕೆ ಗಂಡನ ಕಡೆ ನೋಡಿ, "ನಿಮ್ಮಿಷ್ಟ" ಎಂದರು. ನಾವು ಅದನ್ನು ಹೂಂ ಎಂದೇ ತಿಳಿದೆವು.

ಎಂಟು ತಿಂಗಳಲ್ಲಿ ಗಾಡಿ ನಿಂತಿತು. ಕಾರ್ಖಾನೆಯಲ್ಲಿ ಪಾಳಿ ಬದಲಾಯಿತು, ಬೆಳಗಿನ ಗಿರಾಕಿಗಳು ಕಡಿಮೆಯಾದರು, ಯಾರದೂ ತಪ್ಪಲ್ಲ. ಆತ ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋದರು. ಗುಂಪಿನ ಕೂಟದಲ್ಲಿ ತಲೆತಗ್ಗಿಸಿ ಕುಳಿತವರು ಆಕೆ. ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕಲ್ಲ! ಆ ಹೆಂಗಸರಲ್ಲಿ ನಾಲ್ವರು ನಮ್ಮ ಕನ್ನಡ ಪೂಜೆಗೆ ಬರುವವರೇ. ಆಕೆ ಅಂದಿನಿಂದ ತಮಿಳು ಪೂಜೆಗೆ ಬರತೊಡಗಿದರು. ನಮಗೆ ವಿಷಯ ತಿಳಿದದ್ದು ಹಾಗೆ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಯೇಸುಸ್ವಾಮಿ ಕೇಳುತ್ತಾರೆ (ಲೂಕ 14). ಶಿಷ್ಯನಾಗುವುದರ ಬೆಲೆಯ ಬಗ್ಗೆ ಆಡಿದ ಮಾತದು, ವ್ಯಾಪಾರದ ಪಾಠವಲ್ಲ. ಆದರೂ ಲೆಕ್ಕಕ್ಕೆ ಕುಳಿತುಕೊಳ್ಳಬೇಕೆಂಬುದು ನಮಗೆ ನಾಟುತ್ತದೆ. ನಾವೂ ಕುಳಿತಿದ್ದೆವು. ದಿನಕ್ಕೆ 1,800 ರೂಪಾಯಿ ವ್ಯಾಪಾರ. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು ಕಳೆದು 650 ಉಳಿತಾಯ. 25 ದಿನಕ್ಕೆ 16,250. ಕಂತುಗಳಿಗೆ 5,000 ಹೋದರೂ 11,250. ಚೆನ್ನಾಗಿಯೇ ಕಂಡಿತು. ವ್ಯಾಪಾರ ಅರ್ಧಕ್ಕಿಳಿದರೆ ಏನೆಂದು ಬರೆಯಲಿಲ್ಲ. ಗ್ಯಾಸಿನ ಖರ್ಚು ಅರ್ಧಕ್ಕಿಳಿಯುವುದಿಲ್ಲ. ದಿನಕ್ಕೆ 250 ಉಳಿದರೆ ತಿಂಗಳಿಗೆ 6,250. ಕಂತು ಕಟ್ಟಿ ಮಿಕ್ಕುವುದು 1,250. ಮನೆಬಾಡಿಗೆಗೂ ಆಗದು. ಬಾಡಿಗೆ, ರೇಷನ್ನು, ಫೀಸು ಎಲ್ಲದರ ಲೆಕ್ಕ ಬಲ್ಲ ಆಕೆ ಆ ಹೊತ್ತು ಒಳಗೆ ಕಾಫಿ ಮಾಡುತ್ತಿದ್ದರು.

ಅರಸುಗಳ ಎರಡನೆಯ ಗ್ರಂಥದ 4ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯಿದ್ದಾಳೆ. ಗಂಡ ಬಿಟ್ಟುಹೋದ ಸಾಲಕ್ಕೆ ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಸಾಲಗಾರ ಬಂದಿದ್ದಾನೆ. ಪ್ರವಾದಿ ಎಲೀಷ ಅವಳನ್ನೇ ಕೇಳುತ್ತಾನೆ, ಮನೆಯಲ್ಲಿ ಏನಿದೆ ಎಂದು. ಒಂದು ಕುಡಿಕೆ ಎಣ್ಣೆ. ಪಾತ್ರೆಗಳನ್ನು ನೆರೆಯವರಿಂದ ಎರವಲು ತಂದವಳು ಅವಳು, ಎಣ್ಣೆ ಸುರಿದವಳೂ ಅವಳು. ಮಾರಿ ಬಂದ ಹಣದಲ್ಲಿ ಮೊದಲು ಸಾಲ ತೀರಬೇಕು, ಮಿಕ್ಕದ್ದರಲ್ಲಿ ಬದುಕು. ಪವಾಡವನ್ನು ಬದಿಗಿಟ್ಟು ನೋಡಿದರೂ, ನಷ್ಟ ಯಾರ ಮನೆಬಾಗಿಲಿಗೆ ಬರುತ್ತದೋ ಅವಳನ್ನೇ ಮೊದಲು ಮಾತನಾಡಿಸಿದ್ದು ನಮಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಮನೆಯವರೆಲ್ಲ ಹೂಂ ಅನ್ನುವ ತನಕ ಯಾರೂ ಏನೂ ಶುರುಮಾಡಬಾರದೇ ಎಂದು ನಮ್ಮ ತಂಡದಲ್ಲೇ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಂಜುವ ಅಪ್ಪ ಅಮ್ಮಂದಿರ ಮಾತು ಕೇಳಿ ಕೈಕಟ್ಟಿ ಕುಳಿತ ಎಷ್ಟೋ ಹುಡುಗರನ್ನು ನಾವು ನೋಡಿದ್ದೇವೆ. ತಲಾಂತನ್ನು ಹೂತಿಟ್ಟ ಸೇವಕನ ಕಥೆಯನ್ನೂ ಅವರು ನೆನಪಿಸಿದರು. ಆದರೆ ಆ ಕಥೆಯಲ್ಲಿ ಹಣದ ಒಡೆಯನೇ ತಿಳಿದು, ತನ್ನ ಕೈಯಾರೆ ಕೊಟ್ಟು ಹೋಗಿದ್ದ. ಬಳೆ ಯಾರದೋ ಅವರ ಭಯವನ್ನು ಲೆಕ್ಕ ತೋರಿಸಿ ಕಳೆಯುವುದು ಬೇರೆ, ಲೆಕ್ಕ ಹೇಳದೆ ದಾಟಿಹೋಗುವುದು ಬೇರೆ. "ನಿಮ್ಮಿಷ್ಟ" ಎನ್ನುವವರು ಒಪ್ಪಿದ್ದಾರೆ ಎನ್ನಲಾಗದು. ಬೇಡವೆಂದರೆ ನಡೆಯುವುದಿಲ್ಲವೆಂದು ಅವರಿಗೆ ಗೊತ್ತಿರಬಹುದು. ಬೇಡವೆನ್ನಲು ಜಾಗವಿಲ್ಲದ ಕಡೆ ಹೂಂಗೆ ಏನು ಬೆಲೆ?

ಕಿರುಸಾಲದ ಕರಾರು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಸಾಲದ ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದೂ ಹೇಳಿದೆ. ಆಗ ನಮಗಿದು ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುತ್ತಿದ್ದೆವೋ ಇಲ್ಲವೋ. ಗಡಿಯ ಈಚೆ ಇದ್ದು ಇದ್ದು, ಅರ್ಥವಾಗದ ಕಾಗದಕ್ಕೆ ರುಜು ಹಾಕುವುದು ನಮಗೆಲ್ಲ ರೂಢಿಯಾಗಿದೆ.

ಈಗ ನಾವು ಕಾಗದವನ್ನು ಅವರವರ ಮನೆಯಲ್ಲೇ, ಎಲ್ಲರೂ ಕುಳಿತಿರುವಾಗ, ಕನ್ನಡದಲ್ಲಿ ಓದಿ ಹೇಳುತ್ತೇವೆ. ಅರ್ಧ ವ್ಯಾಪಾರದ ಲೆಕ್ಕವನ್ನೂ ಬರೆಯುತ್ತೇವೆ. ಕಾಫಿ ಆಮೇಲೆ. ಕಳೆದ ತಿಂಗಳು ಹೊಲಿಗೆ ಅಂಗಡಿಗೆ ಮೂರು ಯಂತ್ರ ಕೊಳ್ಳಲು ಹೊರಟ ಮನೆಯೊಂದರಲ್ಲಿ, ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ನನ್ನ ಸರ ಕೊಡಲ್ಲ. ಒಂದು ಮಿಷನ್ನು ತಗೊಳ್ಳಿ, ಅದಕ್ಕೆ ನನ್ನ ಪಿಂಚಣಿ ದುಡ್ಡು ಕೊಡ್ತೀನಿ" ಎಂದರು. ಮೊಮ್ಮಗಳ ಮುಖ ಸಪ್ಪಗಾಯಿತು. ಒಂದೇ ಮಿಷನ್ನು ಬಂದಿದೆ. ಮಂತ್ರಿಸಲು ಸ್ವಾಮಿಗಳು ಬರುವ ಭಾನುವಾರ ಹೋಗುತ್ತಿದ್ದಾರೆ.

ಇಡ್ಲಿ ಗಾಡಿಯ ಆ ತಾಯಿಯ ಮನೆಗೂ ಹೋಗಿ ಬಂದೆವು. ಗುಂಪಿನ ಬಾಕಿಯಲ್ಲಿ ಒಂದು ಪಾಲು ನಾವು ಕಟ್ಟುತ್ತಿದ್ದೇವೆ. ಬೆರಳಿಟ್ಟು ತೋರಿಸಿದವರು ನಾವಲ್ಲವೇ. ಆಕೆ ಇನ್ನೂ ತಮಿಳು ಪೂಜೆಗೇ ಹೋಗುತ್ತಾರೆ.