ಸದ್ದು ಒಂದೇ, ನಂಟು ಬೇರೆ

ಜಪಾನಿನ ಪಶ್ಚಿಮ ಕರಾವಳಿಯ ಇಶಿಕಾವಾ ಪ್ರಾಂತದಲ್ಲಿ ನೋಮಿ ಎಂಬ ನಗರವಿದೆ. ನೆಆಗಾರಿ, ತೆರಾಯಿ, ತತ್ಸುನೊಕುಚಿ ಎಂಬ ಮೂರು ಪಟ್ಟಣಗಳು 2005ರ ಫೆಬ್ರವರಿ 1ರಂದು ಕೂಡಿಕೊಂಡು ಈ ನಗರವಾಯಿತು. ಹೆಸರು ಮಾತ್ರ ಹಳೆಯದು. ಒಂಬತ್ತನೆಯ ಶತಮಾನದಲ್ಲಿ ಕಾಗಾ ಸೀಮೆ ರೂಪುಗೊಂಡ ಕಾಲದಿಂದಲೂ ನೋಮಿ ಎಂಬ ಜಿಲ್ಲೆ ಅಲ್ಲಿತ್ತು. 2015ರಲ್ಲಿ ತೆರಾಯಿ ರೈಲು ನಿಲ್ದಾಣವೂ ನೋಮಿ-ನೆಆಗಾರಿ ಎಂದಾಯಿತು. ಬಣ್ಣಬಣ್ಣದ ಕುತಾನಿ ಪಿಂಗಾಣಿಗೆ ಹೆಸರಾದ ಈ ಊರಿನಲ್ಲಿ, ಸ್ನಾತಕೋತ್ತರ ವ್ಯಾಸಂಗಕ್ಕೆಂದೇ 1990ರಲ್ಲಿ ಸ್ಥಾಪನೆಯಾದ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ನಾನಾ ದೇಶಗಳ ವಿದ್ಯಾರ್ಥಿಗಳು ಬರುತ್ತಾರೆ. ರೋಮನ್ ಲಿಪಿಯಲ್ಲಿ ಬರೆದ ಆ ಪುಟ್ಟ ಹೆಸರನ್ನು ಒಬ್ಬೊಬ್ಬರೂ ತಂತಮ್ಮ ತಾಯ್ನುಡಿಯ ಪದವೆಂದು ಓದಿಕೊಂಡರೆ, ಇಟಲಿಯವರಿಗೆ ಅದು 'ಹೆಸರುಗಳು'. ಉಜ್ಬೆಕರಿಗೆ 'ಅದರ ಹೆಸರು'. ಹೀಬ್ರೂ ಬಲ್ಲವರಿಗೆ ಒಬ್ಬ ಹೆಣ್ಣುಮಗಳು. ಗ್ರೀಕರ ಕಿವಿಗೆ 'ಕಾನೂನುಗಳು'. ಮಲೆನಾಡಿನ ಕನ್ನಡಿಗರಿಗೆ ಮಾರ್ನೋಮಿಯ ನೆನಪು.

ಇದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಅರ್ಥವೆಂಬುದು ಇರುವುದೆಲ್ಲಿ, ಸದ್ದಿನಲ್ಲೋ ಅದನ್ನಾಡುವ ಜನರ ಒಪ್ಪಂದದಲ್ಲೋ? ಎರಡು ಭಾಷೆಗಳ ಪದಗಳು ಕಿವಿಗೆ ಒಂದೇ ಆಗಿ ಕೇಳಿಸಿದರೆ ಆ ಭಾಷೆಗಳನ್ನು ನೆಂಟರೆನ್ನಬಹುದೇ? ಎರಡನೆಯ ಪ್ರಶ್ನೆ ಬರಿಯ ಪಂಡಿತರ ಚರ್ಚೆಯಲ್ಲ. ಕನ್ನಡದ ಹಿರಿಮೆಯನ್ನು ಸಾರುವ ಉತ್ಸಾಹದಲ್ಲಿ ಇಂಥ ಹೋಲಿಕೆಗಳನ್ನೇ ಪುರಾವೆಯಾಗಿ ಮುಂದಿಡುವುದು ಹೆಚ್ಚುತ್ತಿರುವಾಗ, ಅದಕ್ಕೆ ನೇರವಾದ ಉತ್ತರ ಬೇಕು.

ಮೊದಲು ಜಪಾನನ್ನೇ ನೋಡೋಣ. ಕನ್ನಡದಲ್ಲಿ 'ನೋಮಿ' ಎಂದು ದೀರ್ಘವಾಗಿ ಬರೆಯುವುದು ರೂಢಿಯಾದರೂ ಜಪಾನಿಯರ ಉಚ್ಚಾರ ಹ್ರಸ್ವ, 'ನೊಮಿ'. ಅವರ ನುಡಿಯಲ್ಲೇ ಆ ಸದ್ದಿಗೆ ನಾಲ್ಕಾರು ಅರ್ಥಗಳಿವೆ: ಚಿಗಟ, ಬಡಗಿಯ ಉಳಿ, ಕುಡಿಯುವಿಕೆ, ಮತ್ತು 'ಮಾತ್ರ' ಎಂಬ ಪ್ರತ್ಯಯ. ಟೋಕಿಯೊ ಕಡೆಯ ಮಾತಿನಲ್ಲಿ ಉಳಿಗೆ ಮೊದಲ ಅಕ್ಷರವನ್ನು ಏರುದನಿಯಲ್ಲಿ, ಚಿಗಟಕ್ಕೆ ಎರಡನೆಯದನ್ನು ಏರುದನಿಯಲ್ಲಿ ನುಡಿಯುತ್ತಾರೆ. ಬರಹದಲ್ಲಾದರೆ ಚೀನೀ ಮೂಲದ ಕಾಂಜಿ ಅಕ್ಷರಗಳು ಇವನ್ನು ಬೇರ್ಪಡಿಸುತ್ತವೆ. 'ನೊಮಿ ಎಂದರೆ ತ್ಸುಚಿ' ಎಂಬ ಗಾದೆಯೂ ಅಲ್ಲಿದೆ. ಉಳಿ ತಾ ಎಂದರೆ ಸುತ್ತಿಗೆಯನ್ನೂ ತರಬೇಕು, ಅಂದರೆ ಹೇಳದೆ ಉಳಿದದ್ದನ್ನೂ ಅರಿತು ನಡೆಯಬೇಕು ಎಂಬುದು ಅದರ ತಾತ್ಪರ್ಯ. 'ಉಳಿ' ಎಂಬ ಪದದಲ್ಲಿ ಸುತ್ತಿಗೆ ಎಲ್ಲೂ ಇಲ್ಲ. ಜೊತೆಗೆ ಕೆಲಸ ಮಾಡುವವರ ತಿಳಿವಿನಲ್ಲಿ ಇದೆ.

ಊರಿನ ಹೆಸರನ್ನು ಬರೆಯಲು ಬಳಸುವ ಎರಡು ಅಕ್ಷರಗಳಿಗೆ 'ಸಾಮರ್ಥ್ಯ' ಮತ್ತು 'ಸೌಂದರ್ಯ' ಎಂಬ ಅರ್ಥಗಳಿವೆ. ಹಾಗೆಂದು ನೋಮಿ ಎಂದರೆ ಸಮರ್ಥ ಸುಂದರ ಊರು ಎಂದು ವಿವರಿಸಿದರೆ ಎಡವಿದಂತೆ. ಕ್ರಿ.ಶ. 713ರಲ್ಲಿ ಸಾಮ್ರಾಜ್ಞಿ ಗೆನ್ಮೇಯಿ ಆಳ್ವಿಕೆಯಲ್ಲಿ ಒಂದು ಆಜ್ಞೆ ಹೊರಟಿತ್ತು: ಸೀಮೆ, ಜಿಲ್ಲೆ, ಹಳ್ಳಿಗಳ ಹೆಸರುಗಳನ್ನು ಶುಭಾರ್ಥದ ಅಕ್ಷರಗಳಿಂದ ಬರೆಯಬೇಕು. ಎರಡೇ ಅಕ್ಷರಗಳಲ್ಲಿ ಬರೆಯುವ ಪದ್ಧತಿಯೂ ಅದರೊಂದಿಗೆ ಬೇರೂರಿತು. ಇಂಥ ಹೆಸರುಗಳಲ್ಲಿ ಸದ್ದು ಮೊದಲಿನದು, ಅಕ್ಷರಗಳ ಅರ್ಥ ಆಮೇಲೆ ತೊಡಿಸಿದ್ದು.

ಕನ್ನಡ ಶಾಲೆಯ ವ್ಯಾಕರಣದಲ್ಲಿ ಇದನ್ನು ವಿವರಿಸುವ ಪದಗಳು ಸಿದ್ಧವಾಗಿಯೇ ಇವೆ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. 713ರ ಆಜ್ಞೆ ಮಾಡಿದ್ದು ಗುರುತಿಗಾಗಿ ಇಟ್ಟ ಅಂಕಿತನಾಮಗಳಿಗೆ, ಅರ್ಥಕ್ಕೆ ತಕ್ಕಂತೆ ಬಂದ ಅನ್ವರ್ಥನಾಮದ ವೇಷ ತೊಡಿಸುವ ಕೆಲಸ. ನಮ್ಮಲ್ಲಿ ಅದಕ್ಕೆ ರಾಜಾಜ್ಞೆಯೇ ಬೇಕಾಗಲಿಲ್ಲ, ಕಥೆ ಸಾಕಾಯಿತು. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಆಯಿತೆಂದು ಎಲ್ಲರೂ ಕೇಳಿದ್ದಾರೆ. ಆದರೆ ಆ ದೊರೆಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ವೀರಗಲ್ಲಿನ ಶಾಸನದಲ್ಲೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಅರ್ಥ ತಿಳಿಯದ ಹೆಸರಿನೊಡನೆ ಬಾಳುವುದು ಮನುಷ್ಯನಿಗೆ ಕಷ್ಟ. ಸದ್ದಿಗೆ ಹತ್ತಿರವಾದ ಪದವೊಂದನ್ನು ತಂದು ಜೋಡಿಸಿದ ಮೇಲೇ ಅವನಿಗೆ ಸಮಾಧಾನ.

ಇನ್ನು ಇಟಲಿ ಮತ್ತು ಉಜ್ಬೆಕಿಸ್ತಾನ. ಇಟಾಲಿಯನ್ನಿನಲ್ಲಿ ಹೆಸರಿಗೆ 'ನೋಮೆ'. ಅದರ ಬಹುವಚನ 'ನೋಮಿ'. ಉಜ್ಬೆಕ್ ನುಡಿಯಲ್ಲಿ 'ನೋಮ್' ಎಂದರೆ ಹೆಸರು, 'ನೋಮಿ' ಎಂದರೆ ಅದರ ಹೆಸರು. ಉಜ್ಬೆಕ್ ತುರ್ಕಿ ಕುಟುಂಬದ ಭಾಷೆಯಾದರೂ ಈ ಪದವನ್ನು ಪಾರಸಿಯ 'ನಾಮ್'ನಿಂದ ಎರವಲು ಪಡೆದಿದೆ. ಪಾರಸಿಯ ನಾಮ್, ಲ್ಯಾಟಿನ್ನಿನ ನೋಮೆನ್, ಸಂಸ್ಕೃತದ ನಾಮ, ಮೂರೂ ಒಂದೇ ಬೇರಿನವು. ಇಲ್ಲಿ ಸದ್ದು ಮತ್ತು ಅರ್ಥ ಎರಡೂ ಹೊಂದುತ್ತವೆ, ಹೊಂದಿಕೆಗೆ ಇತಿಹಾಸದ ಆಧಾರವೂ ಇದೆ. ಆದರೆ ಎರಡೂ ಇಕಾರದಲ್ಲಿ ಕೊನೆಯಾಗುವುದು ಮಾತ್ರ ಆಕಸ್ಮಿಕ: ಇಟಾಲಿಯನ್ನಿನ ಇಕಾರ ಬಹುವಚನದ ಗುರುತು, ಉಜ್ಬೆಕ್ಕಿನ ಇಕಾರ 'ಅದರ' ಎಂಬುದರ ಗುರುತು. ಒಂದೇ ಪದದೊಳಗೆ ಅರ್ಧ ನಂಟು, ಅರ್ಧ ಕಾಕತಾಳೀಯ.

ಬೈಬಲ್ಲಿನ ರೂತಳ ಕಥೆಯಲ್ಲಿ ಬರುವ ಅತ್ತೆ ನಾಒಮಿಯ ಹೆಸರಿಗೆ ಹೀಬ್ರೂವಿನಲ್ಲಿ 'ಹಿತವಾದವಳು' ಎಂದರ್ಥ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಊರಿಗೆ ಮರಳಿದ ಆಕೆ, ತನ್ನನ್ನು ಇನ್ನು ಆ ಹೆಸರಿನಿಂದ ಕರೆಯಬೇಡಿ, ಕಹಿಯಾದವಳೆಂಬ ಅರ್ಥದ 'ಮಾರಾ' ಎಂದು ಕರೆಯಿರಿ ಎನ್ನುತ್ತಾಳೆ. ಜಪಾನಿನಲ್ಲೂ ನಾಒಮಿ ಎಂಬುದು ಹೆಂಗಸರ ಸಾಮಾನ್ಯ ಹೆಸರು. ಅದಕ್ಕೂ ಹೀಬ್ರೂವಿಗೂ ಯಾವ ಸಂಬಂಧವೂ ಇಲ್ಲ.

ಗ್ರೀಕಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದೇ ಎಲ್ಲ. ಇಂದಿನ ಉಚ್ಚಾರದಲ್ಲಿ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು 'ನೋಮಿ' ಎಂದರೆ ಕಾನೂನುಗಳು, ಎರಡನೆಯದಕ್ಕೆ ಕೊಟ್ಟರೆ ಆಡಳಿತದ ಜಿಲ್ಲೆಗಳು. ಎರಡಕ್ಕೂ ಮೂಲ 'ಹಂಚು' ಎಂಬ ಅರ್ಥದ ಧಾತು. ಶತಮಾನಗಳ ಕಾಲ ಜಿಲ್ಲೆಯಾಗಿದ್ದ ಜಪಾನಿನ ನೋಮಿಗೆ ಗ್ರೀಕಿನ ಈ ಅರ್ಥ ಚೆನ್ನಾಗಿಯೇ ಒಪ್ಪುತ್ತದೆ. ಒಪ್ಪುತ್ತದೆ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ.

ಕನ್ನಡದ ನೋಮಿಗೆ ಬಂದರೆ ಸ್ವಲ್ಪ ನಿಂತು ನೋಡಬೇಕು. ಮಹಾನವಮಿ ಜನರ ಬಾಯಲ್ಲಿ ಮಾನೋಮಿ, ಮಾರ್ನೋಮಿ ಆಗಿದೆ. 'ಅವ' ಎಂಬುದು 'ಓ' ಆಗುವುದು ಬಾಯಿ ತಪ್ಪಿ ಆದದ್ದಲ್ಲ. ಸಂಸ್ಕೃತದ ಲವಣ ಪ್ರಾಕೃತದಲ್ಲಿ ಲೋಣವಾದದ್ದೂ ಇದೇ ಹಾದಿಯಲ್ಲಿ. ಇದಕ್ಕೆ ಹತ್ತಿರದ ಸದ್ದಿನ ಇನ್ನೊಂದು ಪದ ನೋಂಪಿ. ಜೈನರ ಮನೆಗಳಲ್ಲಿ ಅನಂತನ ನೋಂಪಿ ಇಂದಿಗೂ ಬಳಕೆಯಲ್ಲಿದೆ. ಶ್ರವಣಬೆಳಗೊಳದ ಏಳನೆಯ ಶತಮಾನದ ಶಾಸನಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟವರ ಬಗ್ಗೆ ಹೇಳುವಾಗ 'ನೋಂತು' ಎಂಬ ಕ್ರಿಯಾಪದ ಬರುತ್ತದೆ. ತೆಲುಗಿನಲ್ಲಿ ಅದು ನೋಮು, ತಮಿಳಿನಲ್ಲಿ ನೋನ್ಬು, ಮಲಯಾಳದಲ್ಲಿ ನೋಂಬು. ಕಾಸರಗೋಡಿನ ಮಾಪಿಳ್ಳೆಯರು ರಂಜಾನಿನ ಉಪವಾಸವನ್ನು ಕರೆಯುವುದೂ ನೋಂಬು ಎಂದೇ. ಜೈನ ಮುನಿಯ ಸಲ್ಲೇಖನಕ್ಕೂ ಮುಸ್ಲಿಮರ ರೋಜಾಕ್ಕೂ ಒಂದೇ ದ್ರಾವಿಡ ಧಾತು ಒದಗಿಬಂದಿದೆ. ಮಾರ್ನೋಮಿಗೂ ನೋಂಪಿಗೂ ವ್ರತದ ಸಂದರ್ಭ ಸಮಾನ, ಸದ್ದೂ ಹತ್ತಿರ. ಆದರೂ ಒಂದು ಸಂಸ್ಕೃತದ 'ಒಂಬತ್ತು' ಎಂಬುದರಿಂದ ಬಂದದ್ದು, ಇನ್ನೊಂದು ದ್ರಾವಿಡದ 'ಸಹಿಸು, ತಪಗೈ' ಎಂಬುದರಿಂದ ಬಂದದ್ದು. ಒಂದೇ ಭಾಷೆಯೊಳಗೇ ಕಿವಿ ಹೀಗೆ ಮೋಸ ಹೋಗುವುದಾದರೆ ದೂರದ ಭಾಷೆಗಳ ವಿಷಯ ಹೇಳುವುದೇನು?

ಈ ಎಚ್ಚರವನ್ನು ಹದಿಮೂರು ಶತಮಾನಗಳ ಹಿಂದೆಯೇ ಹೇಳಿದವನು ಮೀಮಾಂಸಕ ಕುಮಾರಿಲ ಭಟ್ಟ. ಅವನ 'ತಂತ್ರವಾರ್ತಿಕ'ದಲ್ಲಿ ಬರುವ ಉದಾಹರಣೆಗಳು ದ್ರಾವಿಡ ನುಡಿಯವೇ. ಅನ್ನಕ್ಕೆ 'ಚೋರ್' ಎಂದರೆ ಸಂಸ್ಕೃತಾಭಿಮಾನಿಗಳು ಅದನ್ನು 'ಚೋರ', ಕಳ್ಳ ಎಂದುಕೊಳ್ಳುತ್ತಾರೆ. ಹಾವಿಗೆ 'ಪಾಪ್' ಎಂದರೆ, ಹಾವು ಪಾಪಿಯೇ ತಾನೆ ಎನ್ನುತ್ತಾರೆ. ಹೊಟ್ಟೆಗೆ 'ವೈರ್' ಎಂದರೆ, ಹಸಿದವನಿಂದ ಅಕಾರ್ಯ ಮಾಡಿಸುವ ಹೊಟ್ಟೆ ವೈರಿಯೇ ಸರಿ ಎಂದು ಸಮರ್ಥಿಸುತ್ತಾರೆ. ದ್ರಾವಿಡದಲ್ಲೇ ಇಷ್ಟು ಸ್ವಚ್ಛಂದ ಕಲ್ಪನೆ ನಡೆಯುವುದಾದರೆ ಪಾರಸಿ, ಯವನ, ರೋಮಕ ಭಾಷೆಗಳ ಗತಿಯೇನು ಎಂಬುದು ಕುಮಾರಿಲನ ಕಳವಳ. ಶಬ್ದ ಮತ್ತು ಅರ್ಥಗಳ ಸಂಬಂಧ ಸಹಜವಾದದ್ದು, ಯಾರೂ ಮಾಡಿದ್ದಲ್ಲ ಎಂದು ನಂಬಿದ ದರ್ಶನ ಮೀಮಾಂಸೆ. ಅಂಥ ದರ್ಶನವೂ ಪರಭಾಷೆಯ ಪದಕ್ಕೆ ಆ ಭಾಷೆಯನ್ನಾಡುವವರ ಬಳಕೆಯೇ ಪ್ರಮಾಣ ಎಂದು ಒಪ್ಪಿತು. ನೈಯಾಯಿಕರು ಇನ್ನೂ ಮುಂದೆ ಹೋಗಿ, ಜನದಿಂದ ಜನಕ್ಕೆ ಬಳಕೆ ಬದಲಾಗುವುದರಿಂದ ಶಬ್ದಾರ್ಥ ಸಂಬಂಧ ಸಂಕೇತದಿಂದ ಬಂದದ್ದು ಎಂದು ವಾದಿಸಿದರು. ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸೊಸ್ಯೂರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಠ ಹೇಳಿದ ತತ್ವದ ತಿರುಳು ನ್ಯಾಯಸೂತ್ರಗಳಲ್ಲಿ ಆಗಲೇ ಇತ್ತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮರೆಮಾಚಬಾರದು. ಜಪಾನಿಯರು ಚಳಿಗೋ ಭಯಕ್ಕೋ ನಡುಗುವುದನ್ನು 'ಗತಗತ' ಎನ್ನುತ್ತಾರೆ, ಕನ್ನಡಿಗರು 'ಗಡಗಡ' ನಡುಗುತ್ತಾರೆ. ಅಲ್ಲಿ ತೊರೆ 'ಸರಸರ' ಹರಿಯುತ್ತದೆ, ಇಲ್ಲಿ ಹಾವು ಸರಸರ ಹರಿಯುತ್ತದೆ. ಇವು ಎರವಲಲ್ಲ, ನಂಟಸ್ತಿಕೆಯೂ ಅಲ್ಲ. ಸದ್ದಿಗೂ ಚಲನೆಗೂ ಮನುಷ್ಯನ ಬಾಯಿ-ಕಿವಿಗಳಲ್ಲಿ ಏನೋ ಸಹಜ ಸೆಳೆತವಿದೆ ಎಂಬುದನ್ನು ಅನುಕರಣಾವ್ಯಯಗಳು ತೋರಿಸುತ್ತವೆ. ಮೀಮಾಂಸಕರ ಮಾತಿನಲ್ಲಿ ಇಷ್ಟರ ಮಟ್ಟಿಗೆ ಹುರುಳಿದೆ. ಆದರೆ ಉಳಿ, ಚಿಗಟ, ಹೆಸರು, ಕಾನೂನು, ಒಂಬತ್ತು ಇಂಥ ಪದಗಳಿಗೆ ಆ ಸೆಳೆತ ತಲುಪುವುದಿಲ್ಲ. ಅನುಕರಣದ ಪದಗಳಲ್ಲಿ ಹೋಲಿಕೆ ಸಹಜವಾಗಿ ಹುಟ್ಟುವುದರಿಂದಲೇ ಭಾಷೆಗಳ ನಂಟಿಗೆ ಅವನ್ನು ಸಾಕ್ಷಿಯಾಗಿ ಕರೆಯುವಂತಿಲ್ಲ.

ಹಾಗಾದರೆ ನಂಟನ್ನು ಗುರುತಿಸುವುದು ಹೇಗೆ? ಹೋಲಿಕೆಯಿಂದಲ್ಲ, ನಿಯಮದಿಂದ. ತಮಿಳಿನ ಪಾಲ್ ಕನ್ನಡದ ಹಾಲು, ಪುಲಿ ಹುಲಿ, ಪೂ ಹೂ, ಪೆಯರ್ ಹೆಸರು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದ ಕ್ರಮ ನೂರಾರು ಪದಗಳಲ್ಲಿ ಒಂದೇ ರೀತಿ ನಡೆದಿದೆ. ಇಂಥ ಕ್ರಮಗಳನ್ನು ಹಿಡಿದೇ ಫ್ರಾನ್ಸಿಸ್ ಎಲ್ಲಿಸ್ 1816ರಲ್ಲಿ, ಕಾಲ್ಡ್‌ವೆಲ್ 1856ರಲ್ಲಿ ದಕ್ಷಿಣದ ಭಾಷೆಗಳು ಒಂದು ಕುಟುಂಬವೆಂದು ತೋರಿಸಿದರು. ಕಿವಿಗೆ ದೂರವಾದ ಪೆಯರ್ ಮತ್ತು ಹೆಸರು ಒಡಹುಟ್ಟಿದವು. ಜಪಾನಿನ 'ನಮಾಎ', ಅಂದರೆ ಹೆಸರು, ನಮ್ಮ 'ನಾಮ'ಕ್ಕೆ ಎಷ್ಟು ಹತ್ತಿರವೆನಿಸಿದರೂ ಅಪರಿಚಿತ. ಅದನ್ನು ಬಿಡಿಸಿದರೆ ಹೆಸರು ಎಂಬರ್ಥದ 'ನ', ಮುಂಭಾಗ ಎಂಬರ್ಥದ 'ಮಾಎ'; ನಮಗೆ ಹೋಲಿಕೆ ಕಾಣಿಸಿದ ಮಕಾರ ಬೇರೊಂದು ಪದದ್ದು.

ದೊಡ್ಡ ವಿದ್ವಾಂಸರಿಗೂ ಹೋಲಿಕೆಯ ಸೆಳೆತ ತಪ್ಪಿದ್ದಲ್ಲ. ಹಳೆಯ ಜಪಾನಿ ನುಡಿಯ ನಿಘಂಟನ್ನು ಸಂಪಾದಿಸಿದ ಸುಸುಮು ಓನೊ ತಮ್ಮ ಬಾಳಿನ ಕೊನೆಯ ದಶಕಗಳನ್ನು ಜಪಾನಿಗೂ ತಮಿಳಿಗೂ ನಂಟು ತೋರಿಸಲು ಮುಡಿಪಿಟ್ಟರು. ಅವರು ಬರಿಯ ಹೋಲಿಕೆಗೆ ನಿಲ್ಲದೆ ಧ್ವನಿ ನಿಯಮಗಳನ್ನೂ ಮುಂದಿಟ್ಟರು. ಆದರೂ ನಿಯಮಗಳು ಸಡಿಲ, ಅರ್ಥಗಳನ್ನು ಎಳೆದು ಹೊಂದಿಸಲಾಗಿದೆ ಎಂದು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.

ಕನ್ನಡದಲ್ಲಿ ಇದಕ್ಕೆ ಸಾಟಿಯಾದದ್ದು ಈಜಿಪ್ಟಿನ ಆಕ್ಸಿರಿಂಕಸ್ ಪ್ರಹಸನ. 1903ರಲ್ಲಿ ಪ್ರಕಟವಾದ ಈ ಗ್ರೀಕ್ ನಾಟಕದ ಹಾಳೆಯಲ್ಲಿ, ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಷನ್ ಎಂಬ ಗ್ರೀಕ್ ಹೆಣ್ಣಿನ ಸುತ್ತಲಿನವರು ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. 1904ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಶ್ ಆ ಮಾತುಗಳಲ್ಲಿ ಕನ್ನಡವನ್ನು ಕಂಡರು. ಬೇರೆ, ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂಬಂಥ ಪದಗಳನ್ನು ಬಿಡಿಸಿ ಓದಲಾಯಿತು. ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು, ಮಂಜೇಶ್ವರದ ಗೋವಿಂದ ಪೈಗಳೂ ಆ ಬಗ್ಗೆ ಬರೆದರು. 1926ರಲ್ಲಿ ಬಾರ್ನೆಟ್ ಇದನ್ನು ಅಲ್ಲಗಳೆದರು. ಆಮೇಲೆ ಅದು ತುಳು ಎಂದವರೂ ಇದ್ದಾರೆ. ತೊಡಕು ಇರುವುದೂ ಈ ಪದಗಳಲ್ಲೇ. ಆ ಹಾಳೆ ಎರಡನೆಯ ಶತಮಾನದ ಸುಮಾರಿನದು. ಪಕಾರ ಹಕಾರವಾದದ್ದು ಅದಾಗಿ ಎಷ್ಟೋ ಶತಮಾನಗಳ ಮೇಲೆ. ಆದ್ದರಿಂದ ಅಲ್ಲಿ 'ಹಾಕಿ' ಎಂಬ ಇಂದಿನ ರೂಪವನ್ನು ಕಿವಿಯ ಬಲದಿಂದ ಕೇಳಿಸಿಕೊಳ್ಳುವುದು ಸಾಲದು, ಅಂದಿನ ರೂಪ ಏನಿತ್ತು ಎಂಬುದಕ್ಕೆ ಲೆಕ್ಕ ಕೊಡಬೇಕು. ಗೋವಿಂದ ಪೈಗಳಂಥವರ ಶ್ರಮಕ್ಕೆ ಸಲ್ಲುವ ಗೌರವವೆಂದರೆ ಈ ಲೆಕ್ಕವನ್ನು ಮುಂದುವರಿಸುವುದು. ತೀರ್ಮಾನವಾಗಿದೆ ಎಂದು ಸಾರುವುದಲ್ಲ. ಸುಮಾರು 450ರ ಹಲ್ಮಿಡಿ ಶಾಸನವನ್ನು ಕೈಯಲ್ಲಿಟ್ಟುಕೊಂಡ ಭಾಷೆಗೆ ಅನುಮಾನದ ಸಾಕ್ಷಿಯ ಹಂಗು ಬೇಕಿಲ್ಲ.

ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟು ಮತ್ತು ಬರೋ-ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಜಪಾನಿಯಲ್ಲೋ ಗ್ರೀಕಿನಲ್ಲೋ ಕನ್ನಡದ ಪದ ಸಿಕ್ಕಿತೆಂಬ ಸುದ್ದಿ ಬಂದಾಗ ಅದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಮೂರು ಮಾತು ಕೇಳಿಕೊಳ್ಳಬೇಕು: ಆ ಪದದ ಹಳೆಯ ರೂಪ ಯಾವುದು, ಅದನ್ನು ಬಿಡಿಸಿದರೆ ಏನಿದೆ, ಇದೇ ಕ್ರಮದ ಇನ್ನೂ ಹತ್ತು ಪದಗಳಿವೆಯೇ? ಹೈಸ್ಕೂಲಿನ ಕನ್ನಡ ಮೇಷ್ಟರು ರೂಢ, ಅಂಕಿತ, ಅನ್ವರ್ಥ ನಾಮಗಳ ಪಾಠ ಮಾಡುವ ದಿನ ತಮ್ಮ ಊರಿನ ಹೆಸರನ್ನೇ ಹಲಗೆಯ ಮೇಲೆ ಬರೆದು, ಅದರ ಕಥೆಯನ್ನೂ ಸಿಕ್ಕರೆ ಶಾಸನದ ರೂಪವನ್ನೂ ಮಕ್ಕಳ ಮುಂದಿಡಲಿ.