ಉಳಿದ 29 ಹಾಡುಗಳು

ಇಂಗ್ಲೆಂಡಿನ ಬೀಟಲ್ಸ್ ರಾಕ್ ತಂಡವು 1968ರಲ್ಲಿ ಹೊರತಂದ ಬಿಳಿ ಹೊದಿಕೆಯ ಜೋಡಿ ರೆಕಾರ್ಡಿನಲ್ಲಿ 30 ಹಾಡುಗಳಿವೆ. ಅವುಗಳಲ್ಲಿ ತೀರಾ ಸಪ್ಪೆಯಾದದ್ದು ಯಾವುದೆಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ಟೇಪಿನ ತುಣುಕುಗಳನ್ನು ಜೋಡಿಸಿದ, ಎಂಟು ನಿಮಿಷಕ್ಕೂ ಮೀರಿದ 'ರೆವಲ್ಯೂಷನ್ 9' ಎಂಬುದು ಅನೇಕರ ಉತ್ತರ. ಹಾಡುಗಳನ್ನು ಆರಿಸಿ ಒಂದೇ ರೆಕಾರ್ಡು ಮಾಡಿದ್ದರೆ ಚೆನ್ನಿತ್ತೆಂದು ಅವರ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರೇ ಹೇಳಿದ್ದರು.

ಪ್ರೀತಿಸುವವರಲ್ಲಿ ಕೊರತೆ ಕಾಣುವುದು ಪ್ರೀತಿಗೆ ದ್ರೋಹವೇ? ಅಲ್ಲ. ಎಲ್ಲ ಹಾಡುಗಳನ್ನೂ ಮತ್ತೆ ಮತ್ತೆ ಕೇಳಿದವರಷ್ಟೇ ಈ ವಾದಕ್ಕೆ ಇಳಿಯಬಲ್ಲರು. ಅವರು ಕೊರತೆಯನ್ನು ಮುಚ್ಚಿಡುವುದಿಲ್ಲ. ಅದಕ್ಕಾಗಿ ರೆಕಾರ್ಡನ್ನು ಎಸೆಯುವುದೂ ಇಲ್ಲ.

ನಾವೋ, ಮನೆಯವರ ಒಂದು ತಪ್ಪು ಕಂಡೊಡನೆ ಅವರ ಬಾಳಿನ ಉಳಿದ 29 ಹಾಡುಗಳನ್ನು ಮರೆತುಬಿಡುತ್ತೇವೆ. ತಪ್ಪು ಎತ್ತಿ ಹೇಳಬಾರದೆಂದಲ್ಲ. ಆದರೆ ಹೇಳುವ ಮೊದಲು ಅವರನ್ನು ಪೂರ್ತಿಯಾಗಿ ಕೇಳಿದ್ದೇವೆಯೇ?