ಮೊದಲಿನಂತೆ ಆಗುವುದೆಂದರೆ

ಹೃದಯದ ಆಪರೇಷನ್‌ಗೆ ಮುನ್ನ ರೋಗಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ನಾನು ಮತ್ತೆ ಮೊದಲಿನಂತೆ ಆಗುತ್ತೇನೆಯೇ? ಈ ‘ಮೊದಲಿನಂತೆ’ ಎಂಬ ಮಾತಿನ ಅರ್ಥವನ್ನು ಸೋರುವ ಕವಾಟದ ಚಿಕಿತ್ಸೆಯಷ್ಟು ಸ್ಪಷ್ಟವಾಗಿ ಬಿಡಿಸಿ ತೋರಿಸುವ ವಿಷಯ ಬೇರೊಂದಿಲ್ಲ.

ಕವಾಟವೆಂದರೆ ಕದ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ದಿನಕ್ಕೆ ಸುಮಾರು 1,00,000 ಸಲ ತೆರೆದು ಮುಚ್ಚುತ್ತದೆ. ಅದರ ಎಸಳು ಜೋತುಬಿದ್ದರೆ, ಹಿಡಿದಿಟ್ಟ ತಂತು ಹರಿದರೆ, ಮುಂದೆ ಸಾಗಬೇಕಾದ ರಕ್ತ ಶ್ವಾಸಕೋಶದ ಕಡೆಗೇ ಹಿಮ್ಮರಳುತ್ತದೆ.

1960ರಲ್ಲಿ ಅಮೆರಿಕದ ಸರ್ಜನ್ ಆಲ್ಬರ್ಟ್ ಸ್ಟಾರ್, ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಜೊತೆ ರೂಪಿಸಿದ ಕೃತಕ ಕವಾಟವನ್ನು ರೋಗಿಯ ಹೃದಯದಲ್ಲಿ ಕೂರಿಸಿದರು. ಕೆಟ್ಟ ಕದ ಕಿತ್ತು ಹೊಸದು ಹಾಕುವ ಆ ದಾರಿ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಲೋಹದ ಕವಾಟ ಹೊತ್ತವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಬದುಕಿರುವಷ್ಟು ಕಾಲ ನುಂಗಬೇಕು. ಮದ್ದು ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಬಸುರಿಯಾದರೆ ಮಗುವಿಗೂ ಅಪಾಯ. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಈ ಕಾಟ ಕಡಿಮೆ, ಆದರೆ ಅದು ವರ್ಷಗಳಲ್ಲಿ ಸವೆಯುತ್ತದೆ.

ಅಂಗಾಂಶದ ಕವಾಟಗಳನ್ನು ರೂಪಿಸಿದವರಲ್ಲೇ ಒಬ್ಬರಾದ ಪ್ಯಾರಿಸಿನ ಅಲೆನ್ ಕಾರ್ಪೆಂಟಿಯೆ ಇದ್ದ ಕವಾಟವನ್ನೇ ರಿಪೇರಿ ಮಾಡುವ ವಿದ್ಯೆಗೂ ಶಾಸ್ತ್ರದ ರೂಪ ಕೊಟ್ಟರು. ಎಸಳು ಅತಿಯಾಗಿ ಆಡುತ್ತಿದೆಯೇ, ಬಿಗಿದುಕೊಂಡಿದೆಯೇ, ಸರಿಯಾಗಿಯೇ ಆಡುತ್ತಿದ್ದೂ ಅಂಚುಗಳು ಕೂಡುತ್ತಿಲ್ಲವೇ ಎಂದು ಅವರು ಮೊದಲು ಕೇಳಿಕೊಂಡು, ಉತ್ತರಕ್ಕೆ ತಕ್ಕ ರಿಪೇರಿ ಮಾಡಿದರು. ಹೀಗೆ ರಿಪೇರಿಯಾದ ಕವಾಟ ಹುಟ್ಟಿದಂದಿನ ಹಾಗೆ ಕಾಣುವುದಿಲ್ಲ: ಒಂದಿಷ್ಟು ಕತ್ತರಿಸಿದೆ, ಹೊಲಿದಿದೆ, ಸುತ್ತ ಬಳೆಯೊಂದು ಕೂತಿದೆ. ಆದರೂ ಎಸಳುಗಳು ಕೂಡುತ್ತವೆ, ಸೋರಿಕೆ ನಿಲ್ಲುತ್ತದೆ. ಗುಣವಾಗುವುದೆಂದರೆ ಹಳೆಯ ರೂಪಕ್ಕೆ ಹಿಂತಿರುಗುವುದೆಂದು ನಾವು ತಿಳಿದಿದ್ದೇವೆ. ಈ ಕವಾಟ ಹೇಳುವುದೇ ಬೇರೆ: ಗಾಯದ ಗುರುತು ಹೊತ್ತೂ ತನ್ನ ಕೆಲಸಕ್ಕೆ ಮರಳಿದ್ದು ಗುಣವಾದಂತೆಯೇ.

ಹಾಗೆಂದು ರಿಪೇರಿಯನ್ನೇ ಹಟ ಹಿಡಿಯುವುದು ಸಲ್ಲ. ನಮ್ಮ ದೇಶದಲ್ಲಿ ಎಳೆಯರನ್ನೂ ಕಾಡುವ ರುಮ್ಯಾಟಿಕ್ ಜ್ವರ ಕವಾಟವನ್ನು ದಪ್ಪಗಾಗಿಸಿ, ಬಿಗಿದು, ಕುಗ್ಗಿಸುತ್ತದೆ. ಅಂಥದ್ದನ್ನು ಬಲವಂತದಿಂದ ಹೊಲಿದರೆ ಮತ್ತೆ ಎದೆ ತೆರೆಯಬೇಕಾದೀತು. ಅಲ್ಲಿ ಬದಲಿಸುವುದೇ ವಿವೇಕ. ಫಲಿತಾಂಶದ ಅಳತೆಗೋಲು ಸರ್ಜನ್ನರ ಕೌಶಲವಾಗಬಾರದು, ರೋಗಿಯ ಮುಂದಿನ ಬದುಕಾಗಬೇಕು.

ಆ ಬದುಕಿಗೆ ದೊಡ್ಡ ಶತ್ರು ವಿಳಂಬ. ತೀವ್ರ ಸೋರಿಕೆಯಿದ್ದರೂ ಹೃದಯ ಎಷ್ಟೋ ಕಾಲ ದೂರದೆ ದುಡಿಯುತ್ತದೆ. ಎಕೋ ವರದಿಯಲ್ಲಿ ಪಂಪಿನ ಶಕ್ತಿ, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪ್ರಮಾಣ, 60 ಪ್ರತಿಶತ ಕಂಡರೆ ಮನೆಯವರು ನೆಮ್ಮದಿಪಡುತ್ತಾರೆ. ಆದರೆ ಅದರಲ್ಲೊಂದು ಪಾಲು ಹಿಂದಕ್ಕೆ ಸೋರಿದ ರಕ್ತ. ಹಾಗಾಗಿಯೇ ತೀವ್ರ ಸೋರಿಕೆಯಲ್ಲಿ ಆ ಅಂಕಿ 60ಕ್ಕೆ ಇಳಿದರೆ ವೈದ್ಯರು ಅದನ್ನು ಎಚ್ಚರಿಕೆಯೆಂದೇ ಓದುತ್ತಾರೆ. ಸ್ನಾಯು ಸೋತ ಮೇಲೆ ಕದ ಸರಿಪಡಿಸಿದರೂ ಕಳೆದ ಬಲ ಪೂರ್ತಿ ಮರಳದಿರಬಹುದು.

ಆದ್ದರಿಂದ ಕವಾಟ ತೀವ್ರವಾಗಿ ಸೋರುತ್ತಿದೆಯೆಂದು ತಿಳಿದವರು ಏದುಸಿರು ಬರಲಿ ಎಂದು ಕಾಯಬೇಡಿ. ಇದನ್ನು ರಿಪೇರಿ ಮಾಡಬಹುದೇ, ಯಾವಾಗ ಮಾಡಬೇಕು, ಅದರಲ್ಲಿ ಪಳಗಿದ ಕೈ ಯಾರದು ಎಂದು ಇಂದೇ ಕೇಳಿ.